ತ್ರೈರಾಶಿಯಿಂದ ವೃತ್ತೀಯ ಚಲನೆಗೆ: ಯಡೂರು ಸೀಮೆಯಲ್ಲಿ ಬಲ ಮತ್ತು ಚಲನೆಯ ಲೆಕ್ಕಗಳ ಚರಿತ್ರೆ

ಪೀಠಿಕೆ

ಚಿಕ್ಕೋಡಿ ತಾಲ್ಲೂಕಿನ ಯಡೂರು ಕೃಷ್ಣಾ ನದಿಯ ದಂಡೆಯ ಮೇಲಿರುವ ಊರು. ವೀರಭದ್ರ ದೇವರ ಕ್ಷೇತ್ರವೆಂದು ಇದು ನಾಡಿಗೆ ಪರಿಚಿತ. ಮಳೆಗಾಲದಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ಕಲ್ಲೋಳ–ಯಡೂರು ಸೇತುವೆ ಮುಳುಗಿದ ಸುದ್ದಿಯೂ ಪತ್ರಿಕೆಗಳಲ್ಲಿ ಬರುತ್ತದೆ. ಸುತ್ತಲಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಕಬ್ಬು, ಜೋಳ, ತಂಬಾಕಿನ ಸೀಮೆ. ಕನ್ನಡ ಮತ್ತು ಮರಾಠಿ ಎರಡೂ ಮಾತುಗಳು ಇಲ್ಲಿ ಒಂದೇ ಓಣಿಯಲ್ಲಿ ಕೇಳಿಸುತ್ತವೆ.

ಈ ಸೀಮೆಯ ವಿಜ್ಞಾನ ವಿದ್ಯಾರ್ಥಿಗಳು ಪ್ರೌಢಶಾಲೆ ಮತ್ತು ಪಿಯುಸಿಯಲ್ಲಿ ಬಿಡಿಸುವ ಬಲ, ನ್ಯೂಟನ್ನನ ನಿಯಮ ಹಾಗೂ ವೃತ್ತೀಯ ಚಲನೆಯ ಲೆಕ್ಕಗಳಿಗೂ ಒಂದು ಚರಿತ್ರೆಯಿದೆ. ಭೌತವಿಜ್ಞಾನದ ಇತಿಹಾಸ ಬರೆಯುವವರು ನಿಯಮಗಳನ್ನು, ಅವನ್ನು ಕಂಡವರನ್ನು ಕುರಿತು ಬರೆಯುತ್ತಾರೆ. ಆ ನಿಯಮಗಳನ್ನು ತಲೆಮಾರುಗಳ ಕೈಗೆ ದಾಟಿಸಿದ ಅಭ್ಯಾಸ ಲೆಕ್ಕಗಳಿಗೆ ಅಲ್ಲಿ ಜಾಗ ಸಿಗುವುದು ಕಡಿಮೆ. ಆದರೆ ವಿದ್ಯಾರ್ಥಿಗೆ ನಿಯಮ ದಕ್ಕುವುದು ಲೆಕ್ಕದಲ್ಲಿ. ಈ ಸೀಮೆಯ ಲೆಕ್ಕದ ಅಭ್ಯಾಸದಲ್ಲಿ ಎರಡು ಪರಂಪರೆಗಳು ಬಂದು ಸೇರಿವೆ. ಒಂದು ಇಲ್ಲಿಯದೇ ಆದ ತ್ರೈರಾಶಿಯ ಪರಂಪರೆ, ಇನ್ನೊಂದು ಇಂಗ್ಲೆಂಡಿನ ಪರೀಕ್ಷಾ ಕೊಠಡಿಯಿಂದ ಬಂದದ್ದು. ಇವೆರಡೂ ಸರಿಯಾಗಿ ಬೆಸೆಯದೆ ಉಳಿದಿವೆ. ವೃತ್ತೀಯ ಚಲನೆಯ ಅಧ್ಯಾಯದಲ್ಲಿ ಆ ಬಿರುಕು ಎದ್ದು ಕಾಣುತ್ತದೆ ಎಂಬುದು ಈ ಲೇಖನದ ವಾದ.

1. ಪೂವಿನಬಾಗೆಯ ರಾಜಾದಿತ್ಯ

ಕನ್ನಡದಲ್ಲಿ ಗಣಿತಗ್ರಂಥಗಳನ್ನು ಬರೆದವರಲ್ಲಿ ಮೊದಲಿಗನೆಂದು ಸಾಹಿತ್ಯ ಚರಿತ್ರಕಾರರು ಗುರುತಿಸುವ ರಾಜಾದಿತ್ಯ 12ನೆಯ ಶತಮಾನದ ಜೈನ ಕವಿ. ಅವನ ಊರು ಪೂವಿನಬಾಗೆ. ಅದು ಇಂದಿನ ರಾಯಬಾಗವೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಲೀಲಾವತಿ’ ಮೊದಲಾದವು ಅವನ ಕೃತಿಗಳು. ‘ಜೈನಗಣಿತಸೂತ್ರೋದಾಹರಣ’ ಎಂಬ ಕೃತಿಯ ಹೆಸರಿನಲ್ಲೇ ಅವನ ಕ್ರಮ ಕಾಣುತ್ತದೆ: ಮೊದಲು ಸೂತ್ರ, ಕೂಡಲೇ ಉದಾಹರಣೆ. ಇದು ಅವನೊಬ್ಬನ ಕ್ರಮವಲ್ಲ. ಅವನಿಗಿಂತ ಸುಮಾರು ಮೂರು ಶತಮಾನ ಮೊದಲು, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲೂ ನಿಯಮದ ಬೆನ್ನಿಗೇ ಸಮಸ್ಯೆಗಳು ಸಾಲುಗಟ್ಟಿ ನಿಲ್ಲುತ್ತವೆ. ರಾಜಾದಿತ್ಯ ಆ ಕ್ರಮವನ್ನು ಕನ್ನಡಕ್ಕೆ ತಂದ.

ವ್ಯವಹಾರಗಣಿತದ ಬೆನ್ನೆಲುಬು ತ್ರೈರಾಶಿ. ಇಷ್ಟು ಕಾಳಿಗೆ ಇಷ್ಟು ಹಣವಾದರೆ ಅಷ್ಟು ಕಾಳಿಗೆ ಎಷ್ಟು ಎಂಬ ಬಗೆಯದು ಸಹಜ ತ್ರೈರಾಶಿ. ಆಳು ಹೆಚ್ಚಿದಂತೆ ದಿನ ಕಡಿಮೆಯಾಗುವ ಬಗೆಯದು ವ್ಯಸ್ತ ತ್ರೈರಾಶಿ. ಭತ್ತ, ಹೊನ್ನು, ಬಡ್ಡಿ, ಕೂಲಿ, ಹೊಲದ ಅಳತೆ ಎಲ್ಲವೂ ಈ ಎರಡು ಅಚ್ಚುಗಳಿಗೆ ಇಳಿಯುತ್ತಿದ್ದವು. ಲೆಕ್ಕದ ಸಾಮಗ್ರಿ ಓದುವವನ ಬದುಕಿನಿಂದಲೇ ಬರುತ್ತಿದ್ದುದರಿಂದ ಉತ್ತರ ಸರಿಯೋ ತಪ್ಪೋ ಎಂಬುದನ್ನು ಅವನು ತನ್ನ ಅನುಭವದಿಂದಲೇ ತಾಳೆ ನೋಡಬಹುದಿತ್ತು. ಮುಂದೆ ನಾವು ಕಳೆದುಕೊಂಡದ್ದು ಈ ತಾಳೆಯನ್ನು.

ರಾಜಾದಿತ್ಯನಲ್ಲಿ ಬಲವಿಜ್ಞಾನವಿದೆ ಎಂದು ಹೇಳುವುದು ತಪ್ಪಾಗುತ್ತದೆ. ಆದರೆ ನ್ಯೂಟನ್ನನ ಎರಡನೆಯ ನಿಯಮವನ್ನು ಕಲಿಯಲು ಬೇಕಾದ ಗಣಿತದ ರೂಢಿ ಅವನ ಎರಡು ತ್ರೈರಾಶಿಗಳಲ್ಲಿ ಪೂರ್ತಿಯಾಗಿ ಇದೆ. ರಾಶಿ ಅಷ್ಟೇ ಇದ್ದಾಗ ಬಲ ಹೆಚ್ಚಿದಂತೆ ವೇಗೋತ್ಕರ್ಷ ಹೆಚ್ಚುತ್ತದೆ, ಇದು ಸಹಜ. ಬಲ ಅಷ್ಟೇ ಇದ್ದಾಗ ರಾಶಿ ಹೆಚ್ಚಿದಂತೆ ವೇಗೋತ್ಕರ್ಷ ತಗ್ಗುತ್ತದೆ; ಇದು ವ್ಯಸ್ತ.

2. ನಿಯಮದಿಂದ ಪ್ರಶ್ನೆಪತ್ರಿಕೆಗೆ

ನ್ಯೂಟನ್ನನ ‘ಪ್ರಿನ್ಸಿಪಿಯಾ’ 1687ರಲ್ಲಿ ಪ್ರಕಟವಾಯಿತು. ಅದರಲ್ಲಿ ಇಂದಿನ ವಿದ್ಯಾರ್ಥಿ ಗುರುತಿಸುವಂಥ ಅಭ್ಯಾಸ ಲೆಕ್ಕಗಳಿಲ್ಲ. ಇರುವುದೆಲ್ಲ ರೇಖಾಗಣಿತದ ಪ್ರಮೇಯಗಳು, ನಿರ್ಮೇಯಗಳು. ವೃತ್ತದಲ್ಲಿ ಸುತ್ತುವ ವಸ್ತುವಿನ ಬಲವನ್ನು ಅದಕ್ಕೂ ಮೊದಲೇ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಲೆಕ್ಕ ಹಾಕಿದ್ದ. 1673ರಲ್ಲಿ ಲೋಲಕ ಗಡಿಯಾರದ ಬಗ್ಗೆ ಅವನು ಪ್ರಕಟಿಸಿದ ಗ್ರಂಥದ ಕೊನೆಯಲ್ಲಿ 13 ಪ್ರಮೇಯಗಳನ್ನು ಸಾಧನೆಯಿಲ್ಲದೆ ಕೊಟ್ಟ. ಬಲ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂಬ ಮಾತು ಅಲ್ಲಿದೆ. ಬಲವನ್ನು ರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧವಾಗಿ ಬರೆದು ಅದನ್ನು ಎಲ್ಲ ಚಲನೆಗಳಿಗೂ ಅನ್ವಯಿಸುವ ರೂಢಿ ಗಣಿತಜ್ಞ ಆಯ್ಲರನ ಕಾಲದಲ್ಲಿ, 18ನೆಯ ಶತಮಾನದ ನಡುವಿನಲ್ಲಿ, ನೆಲೆಗೊಂಡಿತು.

ಲೆಕ್ಕಗಳ ಭಂಡಾರ ಬೆಳೆದದ್ದು ಕೇಂಬ್ರಿಜ್‌ನಲ್ಲಿ. ಅಲ್ಲಿ ಪಾಠ ಹೇಳುತ್ತಿದ್ದ ಜಾರ್ಜ್ ಅಟ್‌ವುಡ್ 1784ರ ತನ್ನ ಗ್ರಂಥದಲ್ಲಿ ರಾಟೆಯ ಎರಡು ಬದಿಗೆ ಎರಡು ತೂಕ ತೂಗುಹಾಕಿದ ಯಂತ್ರವನ್ನು ವಿವರಿಸಿದ. ಇಂದಿಗೂ ಪಿಯುಸಿ ವಿದ್ಯಾರ್ಥಿ ಬಿಡಿಸುವ ರಾಟೆಯ ಲೆಕ್ಕಕ್ಕೆ ಅದೇ ಮೂಲ. 19ನೆಯ ಶತಮಾನದಲ್ಲಿ ಅಲ್ಲಿನ ಗಣಿತ ಪದವಿಯ ಟ್ರೈಪಾಸ್ ಪರೀಕ್ಷೆಯ ಪೈಪೋಟಿ ಬಿಗಿಯಾದಂತೆ ಲೆಕ್ಕಗಳು ಸಾವಿರಗಟ್ಟಲೆ ಹುಟ್ಟಿದವು. ಟೇಟ್ ಮತ್ತು ಸ್ಟೀಲ್ ಅವರ 1856ರ ಗ್ರಂಥ, ಶತಮಾನದ ಕೊನೆಯಲ್ಲಿ ಬಂದ ಎಸ್. ಎಲ್. ಲೋನಿಯ ಪಠ್ಯಗಳು ಈ ಪರಂಪರೆಯವು. ಲೋನಿಯ ಪುಸ್ತಕಗಳು ಭಾರತದ ಕಾಲೇಜುಗಳಲ್ಲಿ ತಲೆಮಾರುಗಳ ಕಾಲ ಬಳಕೆಯಲ್ಲಿದ್ದವು. ನಯವಾದ ಮೇಜು, ತೂಕವಿಲ್ಲದ ದಾರ, ಘರ್ಷಣೆಯಿಲ್ಲದ ರಾಟೆ ಈ ಲೆಕ್ಕಗಳ ಲೋಕ. ಅಡ್ಡ ಬರುವುದನ್ನೆಲ್ಲ ಬದಿಗಿಟ್ಟು ಒಂದೇ ಸಂಬಂಧದ ಮೇಲೆ ಮನಸ್ಸು ನಿಲ್ಲಿಸುವ ಶಿಸ್ತು ಅದರ ದೊಡ್ಡ ಗುಣ. ಕಲಿಯುವವನು ಎಂದೂ ಮುಟ್ಟಿ ನೋಡದ ವಸ್ತುಗಳೇ ಅದರಲ್ಲಿ ತುಂಬಿಕೊಂಡದ್ದು ಅದರ ಕೊರತೆ.

3. ಕೃಷ್ಣಾತೀರಕ್ಕೆ ಬಂದ ಬಗೆ

1857ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಬೊಂಬಾಯಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಬೆಳಗಾವಿ ಜಿಲ್ಲೆ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದರಿಂದ ಯಡೂರು ಸೀಮೆಯ ಹುಡುಗರ ಉನ್ನತ ಶಿಕ್ಷಣಕ್ಕೆ ಅದೇ ಅಳತೆಗೋಲಾಯಿತು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು, ಬೆಳಗಾವಿಯಲ್ಲಿ 1933ರಲ್ಲಿ ಕೆಎಲ್‌ಇ ಸಂಸ್ಥೆಯ ಲಿಂಗರಾಜ ಕಾಲೇಜು ಆರಂಭವಾದ ಮೇಲೆ ಕಾಲೇಜು ಹತ್ತಿರ ಬಂತು. ಪಠ್ಯದ ಭಾಷೆ ಮಾತ್ರ ಇಂಗ್ಲಿಷೇ ಆಗಿತ್ತು. ಹಳೆಯ ಮೈಸೂರು ಭಾಗದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿ ಕನ್ನಡದಲ್ಲಿ ಭೌತವಿಜ್ಞಾನ ಹೇಳಬಹುದೆಂದು ತೋರಿಸಿದ್ದರು. ಅದು ತಿಳಿವಳಿಕೆಯ ಬರವಣಿಗೆ. ಪರೀಕ್ಷೆಯ ಲೆಕ್ಕ ಇಂಗ್ಲಿಷಿನಲ್ಲೇ ಉಳಿಯಿತು.

1956 ಈ ಸೀಮೆಗೆ ಎರಡು ಬಗೆಯಲ್ಲಿ ತಿರುವಿನ ವರ್ಷ. ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯ ಈ ಭಾಗ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ತೂಕ ಮತ್ತು ಅಳತೆಗಳನ್ನು ಮೆಟ್ರಿಕ್ ಪದ್ಧತಿಗೆ ತರುವ ಕೇಂದ್ರದ ಕಾಯಿದೆಯೂ ಅದೇ ವರ್ಷ ಬಂತು. ಅಲ್ಲಿಯವರೆಗೆ ಲೆಕ್ಕಗಳಲ್ಲಿ ಅಡಿ, ಪೌಂಡು, ಪೌಂಡಲ್ ಇದ್ದವು. ಗುರುತ್ವದ ವೇಗೋತ್ಕರ್ಷ 32 ಎಂದು ಬರೆಯುತ್ತಿದ್ದರು. ಮುಂದೆ ಮೀಟರು, ಕಿಲೋಗ್ರಾಂ, ನ್ಯೂಟನ್ ಬಂದು 32 ಇದ್ದ ಕಡೆ 9.8 ಕೂತಿತು. ಏಕಮಾನ ಬದಲಾದರೂ ಲೆಕ್ಕದ ಒಡಲು ಬದಲಾಗಲಿಲ್ಲ.

ಕರ್ನಾಟಕದ ಪಿಯುಸಿ ವಿಜ್ಞಾನಕ್ಕೆ 2012-13ರಿಂದ ಎನ್‌ಸಿಇಆರ್‌ಟಿ ಪಠ್ಯ ಬಂತು. ಕೆಲವು ವರ್ಷಗಳ ನಂತರ ಪ್ರೌಢಶಾಲೆಗೂ ಅದರ ಕನ್ನಡ ಅನುವಾದ ಬಂತು. ಈ ಪಠ್ಯದ ಒಂಬತ್ತನೆಯ ತರಗತಿಯ ಬಲದ ಅಧ್ಯಾಯದಲ್ಲಿ ಬಹುಕಾಲ ಇದ್ದ ಒಂದು ಲೆಕ್ಕದಲ್ಲಿ 1 ಕಿಲೋಗ್ರಾಂ ಕಲ್ಲನ್ನು ಹೆಪ್ಪುಗಟ್ಟಿದ ಸರೋವರದ ಮೇಲೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಎಸೆಯುತ್ತಾರೆ. ಅದು 50 ಮೀಟರ್ ಸಾಗಿ ನಿಲ್ಲುತ್ತದೆ. ಘರ್ಷಣ ಬಲ 4 ನ್ಯೂಟನ್ ಎಂಬುದು ಉತ್ತರ. ಲೆಕ್ಕ ಸರಿಯಾದದ್ದೇ. ಆದರೆ ಕೃಷ್ಣೆಯ ಕೆಂಪು ನೀರು ಸೇತುವೆ ಹತ್ತುವುದನ್ನು ಕಂಡ ಮಗುವಿಗೆ ಹೆಪ್ಪುಗಟ್ಟಿದ ನೀರಿನ ಮೇಲೆ ಕಲ್ಲು ಎಷ್ಟು ದೂರ ಜಾರುತ್ತದೆಂಬ ಅಂದಾಜು ಇರಲಾರದು. 4ರ ಬದಲು 40 ಬಂದರೂ ಅದು ಬೆರಗಾಗುವುದಿಲ್ಲ.

4. ಕವಣೆ ಮತ್ತು ದಾರ

ಹನ್ನೊಂದನೆಯ ತರಗತಿಯ ಪಠ್ಯದ ಇನ್ನೊಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. 0.25 ಕಿಲೋಗ್ರಾಂ ಕಲ್ಲನ್ನು ದಾರಕ್ಕೆ ಕಟ್ಟಿ, 1.5 ಮೀಟರ್ ತ್ರಿಜ್ಯದ ಅಡ್ಡ ವೃತ್ತದಲ್ಲಿ ನಿಮಿಷಕ್ಕೆ 40 ಸುತ್ತಿನಂತೆ ತಿರುಗಿಸಿದರೆ ದಾರದ ಬಿಗಿತ ಎಷ್ಟು? ಉತ್ತರ ಸುಮಾರು 6.6 ನ್ಯೂಟನ್. ಆದರೆ ಕಲ್ಲಿನ ತೂಕವೇ 2.45 ನ್ಯೂಟನ್. ಕೈಯಲ್ಲಿ ಹಿಡಿದು ತಿರುಗಿಸಿದರೆ ದಾರ ಅಡ್ಡವಾಗಿ ನಿಲ್ಲದೆ ಸುಮಾರು 20 ಡಿಗ್ರಿ ಕೆಳಗೆ ಜೋಲುತ್ತದೆ. ನಯವಾದ ಮೇಜಿನ ಮೇಲೆ ತಿರುಗುತ್ತಿದೆ ಎಂದುಕೊಂಡರಷ್ಟೇ ಉತ್ತರ ಹೊಂದುತ್ತದೆ.

ಈಗ ಜೋಳದ ಹೊಲಕ್ಕೆ ಬರೋಣ. ತೆನೆ ಹಾಲುಗಾಳಿಗೆ ಬಂದಾಗ ಅಟ್ಟಣಿಗೆ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸುವುದು ನಮ್ಮ ಬಯಲುಸೀಮೆಯ ಹಳೆಯ ಕೆಲಸ. 100 ಗ್ರಾಂ ಕಲ್ಲು, 1 ಮೀಟರ್ ಹಗ್ಗ, ಸೆಕೆಂಡಿಗೆ 3 ಸುತ್ತು ಎಂದು ಇಟ್ಟುಕೊಂಡರೆ ಕಲ್ಲಿನ ವೇಗ ಸೆಕೆಂಡಿಗೆ ಸುಮಾರು 18.8 ಮೀಟರ್, ಬಿಗಿತ ಸುಮಾರು 35.5 ನ್ಯೂಟನ್. ಅಂದರೆ 100 ಗ್ರಾಂ ಕಲ್ಲು ಕೈಯನ್ನು ಮೂರೂವರೆ ಕಿಲೋ ಭಾರದಷ್ಟು ಎಳೆಯುತ್ತದೆ. ಹಗ್ಗ ಜೋಲುವುದು ಎರಡು ಡಿಗ್ರಿಗೂ ಕಡಿಮೆ. ಹಗ್ಗದ ಒಂದು ತುದಿ ಬಿಟ್ಟಾಗ ಕಲ್ಲು ಸ್ಪರ್ಶಕದ ದಿಕ್ಕಿನಲ್ಲಿ ಹಾರುತ್ತದೆ. ಕೇಂದ್ರದಿಂದ ನೇರ ಹೊರಕ್ಕೆ ಹಾರುವುದಿಲ್ಲ. ಪುಸ್ತಕದಲ್ಲಿ ಬಾಯಿಪಾಠ ಮಾಡುವ ಈ ಸಂಗತಿ ಕವಣೆ ಬೀಸುವವನ ತೋಳಿಗೆ ಗೊತ್ತಿದೆ. ತುದಿಯನ್ನು ಯಾವ ಕ್ಷಣದಲ್ಲಿ ಬಿಡಬೇಕೆಂಬ ಅವನ ಪಳಗಿಕೆ ಆ ತಿಳಿವಿನದೇ ಫಲ.

5. ತ್ರೈರಾಶಿ ಕೈಕೊಡುವ ಜಾಗ

ವೃತ್ತೀಯ ಚಲನೆಯಲ್ಲಿ ವೇಗ ಇಮ್ಮಡಿಯಾದರೆ ಬೇಕಾದ ಬಲ ನಾಲ್ಕು ಪಟ್ಟಾಗುತ್ತದೆ. ಸಹಜ ತ್ರೈರಾಶಿಯಲ್ಲಿ ಪಳಗಿದ ಮನಸ್ಸು ಎರಡು ಪಟ್ಟು ಎನ್ನುತ್ತದೆ. ಶತಮಾನಗಳಿಂದ ವ್ಯವಹಾರಕ್ಕೆ ಒದಗಿ ಬಂದ ರೂಢಿ ಇಲ್ಲಿ ಕೈಕೊಡುತ್ತದೆ. ಕಬ್ಬಿನ ಹಂಗಾಮಿನಲ್ಲಿ ಈ ಸೀಮೆಯ ರಸ್ತೆಗಳಲ್ಲಿ ಇದು ಜೀವದ ಪ್ರಶ್ನೆ.

ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರೇಲರ್ 20 ಮೀಟರ್ ತ್ರಿಜ್ಯದ ತಿರುವಿಗೆ ಬಂತೆನ್ನೋಣ. ಗಾಲಿಗಳ ನಡುವಿನ ಅಂತರ 1.6 ಮೀಟರ್, ಹೇರಿನ ಗುರುತ್ವಕೇಂದ್ರ ನೆಲದಿಂದ 2 ಮೀಟರ್ ಎತ್ತರ, ರಸ್ತೆಯ ಘರ್ಷಣಾಂಕ 0.6 ಇರಲಿ. ಪಠ್ಯಗಳಲ್ಲಿ ಸಾಮಾನ್ಯವಾಗಿ ಕೇಳುವುದು ವಾಹನ ಯಾವ ವೇಗದಲ್ಲಿ ಜಾರುತ್ತದೆ ಎಂದು. ಈ ಲೆಕ್ಕದಲ್ಲಿ ಅದು ಗಂಟೆಗೆ ಸುಮಾರು 39 ಕಿಲೋಮೀಟರ್. ಆದರೆ ಅರ್ಧ ಅಗಲವನ್ನು ಎತ್ತರದಿಂದ ಭಾಗಿಸಿದರೆ 0.4 ಬರುತ್ತದೆ, ಅದು ಘರ್ಷಣಾಂಕಕ್ಕಿಂತ ಕಡಿಮೆ. ಹಾಗಾಗಿ ಟ್ರೇಲರ್ ಜಾರುವ ಮೊದಲೇ ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗದಲ್ಲಿ ಪಲ್ಟಿಯಾಗುತ್ತದೆ. ಹೇರು ಎತ್ತರವಾದಷ್ಟೂ ಆ ವೇಗ ಇನ್ನೂ ಇಳಿಯುತ್ತದೆ. ಗಂಟೆಗೆ 15 ಕಿಲೋಮೀಟರಿನಲ್ಲಿ ಸಲೀಸಾಗಿ ತಿರುಗಿದ ಚಾಲಕ 30ರಲ್ಲಿ ಅಪಾಯ ಎರಡು ಪಟ್ಟು ಎಂದುಕೊಂಡರೆ ಮೋಸಹೋಗುತ್ತಾನೆ. ಅಲ್ಲಿ ಅಡ್ಡಬಲ ನಾಲ್ಕು ಪಟ್ಟಾಗಿರುತ್ತದೆ.

ಇದೇ ವರ್ಗದ ಸಂಬಂಧವನ್ನು ಕಾರ್ಖಾನೆ ಲಾಭಕ್ಕೆ ತಿರುಗಿಸಿಕೊಂಡಿದೆ. ಇಂದಿನ ಕಾಗವಾಡ ತಾಲ್ಲೂಕಿನ ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮುಂದೆ ಸಹಕಾರಿ ಕಾರ್ಖಾನೆಗಳೂ ಬಂದವು. ಸಕ್ಕರೆ ಹರಳನ್ನು ಕಾಕಂಬಿಯಿಂದ ಬೇರ್ಪಡಿಸುವುದು ಸೆಂಟ್ರಿಫ್ಯೂಗಲ್ ಯಂತ್ರ. ತೂತುಗಳಿರುವ ಅದರ ಬುಟ್ಟಿಯ ತ್ರಿಜ್ಯ 0.6 ಮೀಟರ್, ವೇಗ ನಿಮಿಷಕ್ಕೆ 1,200 ಸುತ್ತು ಎಂದು ಹಿಡಿದರೆ ಅಂಚಿನಲ್ಲಿ ವೇಗೋತ್ಕರ್ಷ ಭೂಗುರುತ್ವದ ಸುಮಾರು 967 ಪಟ್ಟು. ಹರಳು ಜಾಲರಿಗೆ ಒತ್ತಿಕೊಂಡು ನಿಲ್ಲುತ್ತದೆ, ಕಾಕಂಬಿ ತೂತಿನಿಂದ ಹೊರಬೀಳುತ್ತದೆ. ಸುತ್ತಿನ ವೇಗವನ್ನು ಅರ್ಧಕ್ಕಿಳಿಸಿದರೆ ಈ 967 ಕಾಲುಭಾಗವಾಗುತ್ತದೆ.

ಎತ್ತಿನ ಗಾಣ ಇನ್ನೊಂದು ಬಗೆಯ ಪಾಠ. 3.5 ಮೀಟರ್ ತ್ರಿಜ್ಯದಲ್ಲಿ ಸೆಕೆಂಡಿಗೆ 0.8 ಮೀಟರಿನಂತೆ ನಡೆಯುವ 700 ಕಿಲೋಗ್ರಾಂ ತೂಕದ ಜೋಡೆತ್ತಿಗೆ ವೃತ್ತದಲ್ಲಿ ಉಳಿಯಲು ಬೇಕಾದ ಕೇಂದ್ರಾಭಿಮುಖ ಬಲ 128 ನ್ಯೂಟನ್. ಗೊರಸಿಗೆ ನೆಲದ ಘರ್ಷಣೆ ಅದನ್ನು ಕೊಡುತ್ತದೆ. ಅದರಿಂದ ಕೆಲಸ ನಡೆಯುವುದಿಲ್ಲ. ಕಬ್ಬು ಅರೆಯುವುದು ನೊಗದ ಎಳೆತ. ಅದು 600 ನ್ಯೂಟನ್ ಇದ್ದರೆ ಸಾಮರ್ಥ್ಯ 480 ವಾಟ್. ಕೇಂದ್ರದತ್ತ ಎಳೆಯುವ ಬಲಕ್ಕೂ ಕೆಲಸ ಮಾಡುವ ಬಲಕ್ಕೂ ಇರುವ ಭೇದವನ್ನು ಇಷ್ಟು ಸ್ವಚ್ಛವಾಗಿ ತೋರಿಸುವ ಸಾಧನ ಪ್ರಯೋಗಾಲಯದಲ್ಲೂ ವಿರಳ.

ಉಪಸಂಹಾರ

ಕೇಂಬ್ರಿಜ್ ಪರಂಪರೆಯ ಶಿಸ್ತನ್ನು ಬಿಡಬೇಕಾಗಿಲ್ಲ. ನೀಟ್, ಜೆಇಇ ಬರೆಯುವ ಮಕ್ಕಳಿಗೆ ತೂಕವಿಲ್ಲದ ದಾರದ ಲೆಕ್ಕವೂ ಬೇಕು. ಆದರೆ ಆ ಲೆಕ್ಕಕ್ಕೆ ಹೋಗುವ ಮೊದಲು ಕವಣೆ, ಗಾಣ, ಟ್ರೇಲರ್, ಸೆಂಟ್ರಿಫ್ಯೂಗಲ್‌ಗಳ ಲೆಕ್ಕಗಳನ್ನು ಬಿಡಿಸಿದ ಮಗುವಿಗೆ ಉತ್ತರವನ್ನು ತಾಳೆ ನೋಡುವ ಬಲ ಬರುತ್ತದೆ. ರಾಜಾದಿತ್ಯನ ಕ್ರಮದ ಸತ್ವವೂ ಇದೇ. ಜೊತೆಗೆ, ತ್ರೈರಾಶಿ ಎಲ್ಲಿ ನಡೆಯುತ್ತದೆ, ವರ್ಗ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಬೇರೆ ಬೇರೆಯಾಗಿ ತೋರಿಸುವ ಲೆಕ್ಕಗಳನ್ನು ಕಟ್ಟಬೇಕು.

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಭೌತವಿಜ್ಞಾನ ಶಿಕ್ಷಕರು ಒಂದೊಂದು ಶಾಲೆಯಿಂದ ಹತ್ತು ಲೆಕ್ಕಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದರೆ, ಅಳತೆಗಳನ್ನು ಮಕ್ಕಳಿಂದಲೇ ಮಾಡಿಸಿದರೆ, ಈ ಸೀಮೆಗೆ ತನ್ನದೇ ಆದ ಅಭ್ಯಾಸ ಪುಸ್ತಕವೊಂದು ಸಿದ್ಧವಾಗುತ್ತದೆ. ಕನ್ನಡದ ಗಣಿತಕ್ಕೆ ಮೊದಲ ಉದಾಹರಣೆಗಳನ್ನು ಕೊಟ್ಟ ನೆಲದ ಶಿಕ್ಷಕರು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.