ವಿರಳ ಮೈಲೋಮಗಳು ಮತ್ತು ಪ್ರಯೋಗಶಾಲೆ: ಒಂದು ಐತಿಹಾಸಿಕ ಅವಲೋಕನ

ಮಲ್ಟಿಪಲ್ ಮೈಲೋಮವೆಂಬುದು ಅಸ್ಥಿಮಜ್ಜೆಯ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್. ಮೂಳೆನೋವು, ರಕ್ತಹೀನತೆ, ಮೂತ್ರಪಿಂಡಗಳ ವೈಫಲ್ಯ ಮೊದಲಾದ ಇದರ ಲಕ್ಷಣಗಳಲ್ಲಿ ಯಾವುದೂ ಇದಕ್ಕೇ ಮೀಸಲಾದುದಲ್ಲ. ಕಾಣಿಯೂರಿನಂತಹ ಗ್ರಾಮದಲ್ಲಿ ಅಡಕೆತೋಟದ ದುಡಿಮೆಗಾರನೊಬ್ಬನ ಬೆನ್ನುನೋವು ಶ್ರಮದ ಫಲವೆಂದೇ ತೋರಬಹುದು. ಆದುದರಿಂದ ನಿರ್ಣಯದ ಹೊಣೆ ಬಹುಮಟ್ಟಿಗೆ ಪ್ರಯೋಗಶಾಲೆಯ ಮೇಲೆ ಬೀಳುತ್ತದೆ. ಪ್ರಯೋಗಶಾಲೆಯು ಏನನ್ನು ಕಾಣಬಲ್ಲುದು, ಏನನ್ನು ಕಾಣಲಾರದು ಎಂಬುದಕ್ಕೂ ಒಂದು ಇತಿಹಾಸವುಂಟು.

ಆ ಇತಿಹಾಸವು 1845ರಲ್ಲಿ ಲಂಡನ್ನಿನಲ್ಲಿ ಆರಂಭವಾಗುತ್ತದೆ. ವೈದ್ಯ ಮ್ಯಾಕಿಂಟೈರನು ರೋಗಿಯೊಬ್ಬನ ಮೂತ್ರದಲ್ಲಿ ವಿಚಿತ್ರವಾದ ವಸ್ತುವೊಂದನ್ನು ಕಂಡನು. ಹೆನ್ರಿ ಬೆನ್ಸ್ ಜೋನ್ಸನು ಅದನ್ನು ಪರಿಶೀಲಿಸಿದನು. ಅದು ಕಾಯಿಸಿದರೆ ಕರಗುತ್ತಿತ್ತು, ತಣಿದರೆ ಗರಣೆಗಟ್ಟುತ್ತಿತ್ತು. ಅದು ಇಮ್ಯುನೋಗ್ಲಾಬ್ಯುಲಿನ್ನಿನ ಲಘು ಸರಪಣಿಯೆಂದು ಎಡೆಲ್‌ಮನ್ ಮತ್ತು ಗ್ಯಾಲಿ ತೋರಿಸಿದುದು 1962ರಲ್ಲಿ.

ಇದಕ್ಕೆ ಮೊದಲೇ, 1937ರಲ್ಲಿ, ಟಿಸೇಲಿಯಸನು ಎಲೆಕ್ಟ್ರೋಫೊರೆಸಿಸ್ ವಿಧಾನವನ್ನು ಪ್ರಕಟಿಸಿದ್ದನು. ವಿದ್ಯುತ್ ಕ್ಷೇತ್ರದಲ್ಲಿ ರಕ್ತದ ಪ್ರೋಟೀನುಗಳು ಬೇರ್ಪಟ್ಟು, ಮೈಲೋಮದ ಪ್ರೋಟೀನು ಒಂದು ಶಿಖರದಂತೆ ಎದ್ದು ಕಾಣುವುದು. 1953ರಲ್ಲಿ ಗ್ರಾಬಾರ್ ಮತ್ತು ವಿಲಿಯಮ್ಸ್ ಇದಕ್ಕೆ ಆಂಟಿಸೀರಂಗಳನ್ನು ಜೋಡಿಸಿದರು. ಪ್ರೋಟೀನಿನ ಜಾತಿಯನ್ನೂ ಗುರುತಿಸುವುದು ಸಾಧ್ಯವಾಯಿತು.

ಆದರೆ ಆಂಟಿಸೀರಂ ಇದ್ದ ಜಾತಿಯನ್ನು ಮಾತ್ರ ಗುರುತಿಸಬಹುದಷ್ಟೆ. 1965ರಲ್ಲಿ ರೋ ಮತ್ತು ಫಾಹಿ ಪರೀಕ್ಷಿಸಿದ ಮೈಲೋಮ ಪ್ರೋಟೀನೊಂದು ಜಿ, ಎ, ಎಂ ಎಂಬ ಮೂರು ಜಾತಿಗಳಲ್ಲಿ ಯಾವುದಕ್ಕೂ ಸೇರಲಿಲ್ಲ. ಆ ಅಸಂಗತಿಯನ್ನು ಅವರು ಕಡೆಗಣಿಸದುದರಿಂದ ಡಿ ಜಾತಿಯು ಬೆಳಕಿಗೆ ಬಂದಿತು. 1967ರಲ್ಲಿ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಷ್ ಇಂತಹ ಇನ್ನೊಂದು ಪ್ರೋಟೀನನ್ನು ಪ್ರಕಟಿಸಿದರು; ಅದು ಇಶಿಜಾಕಾ ದಂಪತಿಗಳು ಅಮೆರಿಕದಲ್ಲಿ ಗುರುತಿಸಿದ್ದ ಇ ಜಾತಿಗೆ ಸೇರಿದುದೆಂದು ತಿಳಿದುಬಂದಿತು.

ಈ ವಿರಳ ಜಾತಿಗಳ ತೊಡಕು ಇಂದಿಗೂ ತೀರಿಲ್ಲ. ಡಿ ಮೈಲೋಮದಲ್ಲಿ ಶಿಖರವು ಅನೇಕ ವೇಳೆ ಅತ್ಯಲ್ಪ, ಕೆಲವೊಮ್ಮೆ ಅಗೋಚರ. ಜಿ, ಎ, ಎಂ ಆಂಟಿಸೀರಂಗಳಿಂದಷ್ಟೇ ಪರೀಕ್ಷಿಸಿದರೆ ಲಘು ಸರಪಣಿಯೊಂದೇ ಕಾಣುವುದು. ಡಿ ಮತ್ತು ಇ ಆಂಟಿಸೀರಂಗಳನ್ನು ಬಳಸದೆ ಅದನ್ನು ಲಘು ಸರಪಣಿಯ ಮೈಲೋಮವೆಂದು ನಿರ್ಣಯಿಸಲಾಗದು. ಮೂತ್ರದಲ್ಲಿ ಅದ್ದುವ ಸಾಮಾನ್ಯ ಪಟ್ಟಿಯು ಮುಖ್ಯವಾಗಿ ಆಲ್ಬ್ಯುಮಿನ್ನನ್ನು ತೋರಿಸುವುದರಿಂದ ಲಘು ಸರಪಣಿಯು ಅದರ ಕಣ್ಣಿಗೆ ತಪ್ಪುವುದುಂಟು. ಸ್ರವಿಸದ ಮೈಲೋಮದಲ್ಲಂತೂ ರಕ್ತದಲ್ಲಾಗಲಿ ಮೂತ್ರದಲ್ಲಾಗಲಿ ಪ್ರೋಟೀನು ಸಿಗದೆ, ಅಸ್ಥಿಮಜ್ಜೆಯ ಪರೀಕ್ಷೆಯೇ ಗತಿ. 2001ರಲ್ಲಿ ಪ್ರಕಟವಾದ ಮುಕ್ತ ಲಘು ಸರಪಣಿಗಳ ಪರೀಕ್ಷೆಯು ಇಂತಹ ರೋಗಿಗಳಲ್ಲಿಯೂ ಹಲವರ ರೋಗವನ್ನು ಬಯಲಿಗೆ ತಂದಿದೆ.

ನಮ್ಮ ನಾಡಿನಲ್ಲಿ 1953ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1973ರಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸ್ಥಾಪನೆಗೊಂಡವು. ಆದರೂ ಗ್ರಾಮದ ರೋಗಿಗೆ ಮೊದಲು ದೊರೆಯುವುದು ಸಮೀಪದ ಪೇಟೆಯ ಸಣ್ಣ ಪ್ರಯೋಗಶಾಲೆಯೇ. ಅಲ್ಲಿಯ ವರದಿಯಲ್ಲಿ ‘ಕಂಡುಬಂದಿಲ್ಲ’ ಎಂದಿದ್ದರೆ, ಯಾವ ವಿಧಾನದಿಂದ ಹುಡುಕಿದಾಗ ಕಂಡುಬಂದಿಲ್ಲವೆಂಬುದನ್ನೂ ಕೇಳಬೇಕಾಗುತ್ತದೆ. ಆಧಾರವು ದೊರೆಯದಿರುವುದೇ ಘಟನೆಯು ನಡೆಯಲಿಲ್ಲವೆಂಬುದಕ್ಕೆ ಪ್ರಮಾಣವಲ್ಲವೆಂಬ ಇತಿಹಾಸಕಾರನ ನಿಯಮವು ಇಲ್ಲಿಯೂ ಸಲ್ಲುತ್ತದೆ. ಇಲ್ಲಿ ಅದನ್ನು ಮರೆತರೆ ರೋಗಿಯು ಚಿಕಿತ್ಸೆಯ ಕಾಲವನ್ನೇ ಕಳೆದುಕೊಳ್ಳುವನು.