ಕೈಯೂ ನುಡಿಯೂ ಜೊತೆಯಾದ ಮಕ್ಕಳ ರಂಗಭೂಮಿ

ಒಂದೇ ಕಥೆಯನ್ನು ಒಂದೇ ವೇದಿಕೆಯಲ್ಲಿ ಏಕಕಾಲಕ್ಕೆ ಸಂಜ್ಞಾ ಭಾಷೆಯಲ್ಲಿಯೂ ಆಡುಮಾತಿನಲ್ಲಿಯೂ ನಿರೂಪಿಸುವ ಮಕ್ಕಳ ನಾಟಕ ಪದ್ಧತಿಗೆ ದೊಡ್ಡ ಹೆಸರು ತಂದುಕೊಟ್ಟದ್ದು ಅಮೆರಿಕದ 'ಲಿಟಲ್ ಥಿಯೇಟರ್ ಆಫ್ ದಿ ಡೆಫ್'. 1968ರಲ್ಲಿ ಆರಂಭವಾದ ಈ ಪುಟ್ಟ ತಂಡವು, ಅದಕ್ಕೂ ಒಂದು ವರ್ಷ ಮೊದಲು ಸ್ಥಾಪನೆಯಾದ 'ನ್ಯಾಷನಲ್ ಥಿಯೇಟರ್ ಆಫ್ ದಿ ಡೆಫ್' ಎಂಬ ಸಂಸ್ಥೆಯ ಮಕ್ಕಳ ವಿಭಾಗ. ಕಿವುಡ ಮಗು ಮತ್ತು ಕೇಳಬಲ್ಲ ಮಗು ಅಕ್ಕಪಕ್ಕ ಕುಳಿತು ಒಂದೇ ನಾಟಕವನ್ನು ನೋಡಿ, ಒಂದೇ ಕ್ಷಣದಲ್ಲಿ ನಗುವಂತಾಗಬೇಕು ಎಂಬುದು ಅದರ ಸರಳ ಗುರಿಯಾಗಿತ್ತು. ಗುರಿ ಸರಳವಾದರೂ ಹಾದಿ ಸರಳವಾಗಿರಲಿಲ್ಲ.

ಇದರ ಹಿನ್ನೆಲೆಯನ್ನು ಅರಿಯಲು 1880ಕ್ಕೆ ಹೋಗಬೇಕು. ಆ ವರ್ಷ ಇಟಲಿಯ ಮಿಲಾನ್ ನಗರದಲ್ಲಿ ನಡೆದ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನವು, ಕಿವುಡ ಮಕ್ಕಳಿಗೆ ತುಟಿಚಲನೆ ಓದುವುದನ್ನೂ ಬಾಯಿಮಾತನ್ನೂ ಮಾತ್ರ ಕಲಿಸಬೇಕೆಂದು ನಿರ್ಣಯಿಸಿತು. ಯೂರೋಪ್ ಮತ್ತು ಅಮೆರಿಕದ ಅನೇಕ ಶಾಲೆಗಳಲ್ಲಿ ಸಂಜ್ಞಾ ಭಾಷೆ ತರಗತಿಯಿಂದ ಹೊರಬಿತ್ತು. ಕೈಯಾಡಿಸಿದ ಮಕ್ಕಳಿಗೆ ಶಿಕ್ಷೆಯಾದದ್ದೂ ಉಂಟು. ಈ ಸಮ್ಮೇಳನ ಪರಂಪರೆಯ ಮುಂದಾಳುಗಳು ಆ ನಿರ್ಣಯಕ್ಕೆ ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನಡುವೆ 130 ವರ್ಷಗಳು ಸರಿದಿದ್ದವು! 1960ರಲ್ಲಿ ವಿಲಿಯಂ ಸ್ಟೋಕಿ ಎಂಬ ಭಾಷಾವಿದ್ವಾಂಸರು ಅಮೆರಿಕನ್ ಸಂಜ್ಞಾ ಭಾಷೆಗೆ ತನ್ನದೇ ರಚನೆಯುಂಟೆಂದು ತೋರಿಸುವವರೆಗೆ ಅದನ್ನು ಪೂರ್ಣ ಭಾಷೆಯೆಂದು ವಿದ್ವತ್ ಲೋಕವೂ ಎಣಿಸಿರಲಿಲ್ಲ.

'ದಿ ಮಿರಾಕಲ್ ವರ್ಕರ್' ನಾಟಕದಲ್ಲಿ ಹೆಲೆನ್ ಕೆಲ್ಲರ್ ಅವರ ಶಿಕ್ಷಕಿಯ ಪಾತ್ರ ವಹಿಸಿದ್ದ ನಟಿ ಆ್ಯನ್ ಬ್ಯಾಂಕ್ರಾಫ್ಟ್, ಅದರ ನಿರ್ದೇಶಕ ಆರ್ಥರ್ ಪೆನ್ ಹಾಗೂ ಮನಶ್ಶಾಸ್ತ್ರಜ್ಞೆ ಎಡ್ನಾ ಲೆವಿನ್ ಅವರ ನಡುವೆ ಕಿವುಡರ ವೃತ್ತಿಪರ ರಂಗತಂಡವೊಂದರ ಆಲೋಚನೆ ಮೊಳೆಯಿತು. ಅದನ್ನು ಕಾರ್ಯರೂಪಕ್ಕೆ ತಂದವರು ರಂಗಸಜ್ಜಿಕೆ ಮತ್ತು ಬೆಳಕಿನ ವಿನ್ಯಾಸಕಾರ ಡೇವಿಡ್ ಹೇಸ್. ಕನೆಕ್ಟಿಕಟ್ ರಾಜ್ಯದ ವಾಟರ್‌ಫರ್ಡ್‌ನ ಯುಜೀನ್ ಓನೀಲ್ ರಂಗಕೇಂದ್ರದಲ್ಲಿ, ಕೇಂದ್ರ ಸರ್ಕಾರದ ಅನುದಾನದೊಂದಿಗೆ 1967ರಲ್ಲಿ ತಂಡ ಸಿದ್ಧವಾಯಿತು. ಪ್ಯಾರಿಸ್‌ನಲ್ಲಿ ಮೂಕಾಭಿನಯ ಕಲಾವಿದ ಮಾರ್ಸೆಲ್ ಮಾರ್ಸೋ ಅವರ ಬಳಿ ಕಲಿತು ಬಂದಿದ್ದ ಬರ್ನಾರ್ಡ್ ಬ್ರ್ಯಾಗ್ ಸ್ಥಾಪಕ ನಟರಲ್ಲಿ ಒಬ್ಬರು.

ವಿರೋಧವೂ ತಡವಾಗಲಿಲ್ಲ. ಅದೇ ವರ್ಷ ಎನ್‌ಬಿಸಿ ದೂರದರ್ಶನ ವಾಹಿನಿಯು ತಂಡದ ಕಾರ್ಯಕ್ರಮವನ್ನು ಪ್ರಸಾರ ಮಾಡಲು ಹೊರಟಾಗ, ಬಾಯಿಮಾತಿನ ಶಿಕ್ಷಣವನ್ನು ಪ್ರತಿಪಾದಿಸುತ್ತಿದ್ದ ಅಲೆಗ್ಸಾಂಡರ್ ಗ್ರಹಾಂ ಬೆಲ್ ಸಂಘ ಆಕ್ಷೇಪಿಸಿತು. ಮಕ್ಕಳಿಗೆ ಮಾತು ಕಲಿಸುವ ಪ್ರಯತ್ನಕ್ಕೆ ಇಂತಹ ಪ್ರದರ್ಶನ ಅಡ್ಡಿ ಎಂಬುದು ಆಕ್ಷೇಪದ ತಿರುಳು. ವಾಹಿನಿ ಜಗ್ಗಲಿಲ್ಲ, ಕಾರ್ಯಕ್ರಮ ಪ್ರಸಾರವಾಯಿತು.

ಮಕ್ಕಳ ತಂಡ ಹೊರಟದ್ದು ಈ ವಾತಾವರಣದಲ್ಲಿ. ಕೆಲವೇ ನಟರು, ಹಗುರವಾದ ಪರಿಕರಗಳು. ಶಾಲೆ, ಗ್ರಂಥಾಲಯ, ಉದ್ಯಾನ ಎಲ್ಲವೂ ಅವರಿಗೆ ರಂಗಸ್ಥಳ. ನೀತಿಕಥೆ, ಜನಪದ ಕಥೆ, ಪುಟ್ಟ ಕವಿತೆಗಳನ್ನು ಆಡಿ ತೋರಿಸುವುದರ ಜೊತೆಗೆ, ಎದುರಿಗೆ ಕುಳಿತ ಮಕ್ಕಳೇ ಸೂಚಿಸಿದ ವಸ್ತುವನ್ನು ತಕ್ಷಣ ಅಭಿನಯಿಸುವ ಆಟವೂ ಇರುತ್ತಿತ್ತು. ಅಮೆರಿಕದಲ್ಲಿ ಕಿವುಡಾಗಿ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಯ ತಂದೆತಾಯಿ ಕೇಳಬಲ್ಲವರು. ಅಂದರೆ ತನ್ನಂತೆಯೇ ಕಿವುಡರಾದ, ಕೈಯಲ್ಲಿ ನಿರರ್ಗಳವಾಗಿ ಕಥೆ ಹೇಳಬಲ್ಲ ವಯಸ್ಕರನ್ನು ಅನೇಕ ಮಕ್ಕಳು ಮನೆಯಲ್ಲಿ ಕಂಡಿರುವುದೇ ಇಲ್ಲ. ಅಂತಹ ಮಗುವಿಗೆ ನಾಟಕ ಮನರಂಜನೆಗಿಂತ ಮಿಗಿಲಾದುದು ಎಂಬುದನ್ನು ವಿವರಿಸಬೇಕಾಗಿಲ್ಲ. ಪಕ್ಕದಲ್ಲಿ ಕುಳಿತ ತಾಯಿಗೆ ಅದೇ ಕಥೆ ಕಿವಿಯಿಂದಲೂ ತಲುಪುತ್ತದೆ.

ಈ ಪದ್ಧತಿಯಲ್ಲಿ ದುಭಾಷಿಯನ್ನು ವೇದಿಕೆಯ ಮೂಲೆಯಲ್ಲಿ ನಿಲ್ಲಿಸುವುದಿಲ್ಲ. ಹಾಗೆ ನಿಲ್ಲಿಸಿದರೆ ಕಿವುಡ ಪ್ರೇಕ್ಷಕನ ಕಣ್ಣು ನಟನಿಗೂ ದುಭಾಷಿಗೂ ನಡುವೆ ಓಡಾಡಿ, ಎರಡೂ ಕೈತಪ್ಪುತ್ತವೆ. ಬದಲಾಗಿ ಕಿವುಡ ನಟನು ಸಂಜ್ಞೆಯಲ್ಲಿ ಪಾತ್ರವನ್ನು ನಿರ್ವಹಿಸುವಾಗ, ಕೇಳಬಲ್ಲ ನಟನೊಬ್ಬ ತಾನೂ ಒಂದು ಪಾತ್ರವಾಗಿ ದೃಶ್ಯದೊಳಗೇ ಇದ್ದುಕೊಂಡು ಅದಕ್ಕೆ ದನಿ ಕೊಡುತ್ತಾನೆ. ಎರಡೂ ಭಾಷೆಗಳ ಪದಾನುಕ್ರಮ ಬೇರೆ, ವೇಗವೂ ಬೇರೆ. ಮಾತಿನಲ್ಲಿ ವಾಕ್ಯದ ಕೊನೆಗೆ ಬರುವ ಹಾಸ್ಯ ಸಂಜ್ಞೆಯಲ್ಲಿ ಮೊದಲೇ ಒಡೆದುಹೋದರೆ, ಸಭೆಯ ಅರ್ಧದಷ್ಟು ಜನ ಮುಂಚೆಯೇ ನಕ್ಕುಬಿಡುತ್ತಾರೆ. ಆದ್ದರಿಂದ ಭಾಷಾಂತರವೇ ತಾಲೀಮಿನ ದೊಡ್ಡ ಪಾಲನ್ನು ನುಂಗುತ್ತದೆ. ಕಿವುಡ ನಟರಿಗೆ ಎದುರು ನಟನ ಮಾತಿನ ಕೊನೆ ಕೇಳಿಸದು. ಸ್ಪರ್ಶ, ಕಣ್ಣೋಟ, ಹೆಜ್ಜೆಗಳೇ ಅವರಿಗೆ ಸೂಚನೆ. ಬೆಳಕು ಮುಖ ಮತ್ತು ಕೈಗಳ ಮೇಲೆ ತಪ್ಪದೆ ಬೀಳಬೇಕು. ಚಿತ್ತಾರದ ಅಂಗಿಯ ಮುಂದೆ ಬೆರಳುಗಳು ಕರಗಿಹೋಗುವುದರಿಂದ ಉಡುಪಿನ ಬಣ್ಣಕ್ಕೂ ನಿಯಮವಿದೆ. ಪ್ರೇಕ್ಷಕರಿಗೆ ಬೆನ್ನು ಮಾಡಿದ ನಟ ಇಲ್ಲಿ ಮೂಕನಾದಂತೆಯೇ.

ಭರತನಾಟ್ಯದ ಹಸ್ತಮುದ್ರೆಗಳನ್ನೂ ಯಕ್ಷಗಾನದ ಅಭಿನಯವನ್ನೂ ಬಲ್ಲ ಕನ್ನಡಿಗರಿಗೆ ಇದು ಪರಿಚಿತವೆನಿಸಬಹುದು. ಆದರೆ ಹೋಲಿಕೆ ಮೇಲುನೋಟದ್ದು. ಮುದ್ರೆಗಳು ಹಾಡಿನ ಸಾಹಿತ್ಯವನ್ನು ಆಶ್ರಯಿಸಿದ ಕಲಾಸಂಕೇತಗಳು. ಸಂಜ್ಞಾ ಭಾಷೆಯಾದರೋ ಮನೆಯಲ್ಲಿ ಜಗಳವಾಡಲು, ಲೆಕ್ಕ ಕೇಳಲು, ಸುಳ್ಳು ಹೇಳಲು ಸಹ ಸಾಲುವ ಸ್ವತಂತ್ರ ಭಾಷೆ. ಅದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕ ಮತ್ತು ಬ್ರಿಟನ್‌ಗಳ ಆಡುಮಾತು ಒಂದೇ ಆದರೂ ಅವುಗಳ ಸಂಜ್ಞಾ ಭಾಷೆಗಳು ಪರಸ್ಪರ ಅರ್ಥವಾಗದಷ್ಟು ಬೇರೆ.

ಕಿವುಡ ಸಮುದಾಯದೊಳಗಿಂದಲೇ ಟೀಕೆ ಬಂದದ್ದನ್ನೂ ದಾಖಲಿಸಬೇಕು. ಆರಂಭಿಕ ಪ್ರಯೋಗಗಳ ಅಲಂಕೃತ ಸಂಜ್ಞಾಶೈಲಿ ದಿನಬಳಕೆಯ ಭಾಷೆಯಿಂದ ದೂರವಾಗಿದ್ದು, ಕೇಳಬಲ್ಲವರ ಕಣ್ಣಿಗೆ ಚೆಂದವೆನಿಸಿದರೂ ಕಿವುಡರಿಗೇ ಕೆಲವೊಮ್ಮೆ ಅರ್ಥವಾಗುತ್ತಿರಲಿಲ್ಲವೆಂಬುದು ಮುಖ್ಯ ದೂರು. ಇದರಲ್ಲಿ ಹುರುಳಿಲ್ಲದಿಲ್ಲ. 1971ರಲ್ಲಿ ತಂಡವು ತನ್ನ ಸದಸ್ಯರ ಅನುಭವಗಳಿಂದಲೇ ಕಟ್ಟಿದ 'ಮೈ ಥರ್ಡ್ ಐ' ಪ್ರಯೋಗವನ್ನು ಆ ದೂರಿಗೆ ಉತ್ತರವೆಂದು ಕಾಣಬಹುದು.

ತಂಡದಲ್ಲಿ ಪಳಗಿದ ಲಿಂಡಾ ಬೋವ್ 1971ರಲ್ಲಿ 'ಸೆಸಮಿ ಸ್ಟ್ರೀಟ್' ಎಂಬ ಜನಪ್ರಿಯ ಮಕ್ಕಳ ಕಾರ್ಯಕ್ರಮಕ್ಕೆ ಕಾಲಿಟ್ಟು, 2002ರವರೆಗೂ ಲಿಂಡಾ ಎಂಬ ಹೆಸರಿನ ಪಾತ್ರದಲ್ಲಿಯೇ ಕಾಣಿಸಿಕೊಂಡರು. ಅವರ ಪತಿ, ಅದೇ ತಂಡದ ಎಡ್ ವಾಟರ್‌ಸ್ಟ್ರೀಟ್ 1991ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ಡೆಫ್ ವೆಸ್ಟ್ ಥಿಯೇಟರ್' ಸ್ಥಾಪಿಸಿದರು. ಮಾರ್ಕ್ ಟ್ವೇನ್ ಅವರ ಹಕಲ್‌ಬೆರಿ ಫಿನ್ ಕಥೆಯಾಧಾರಿತ ಸಂಗೀತ ನಾಟಕ 'ಬಿಗ್ ರಿವರ್' ಆ ಸಂಸ್ಥೆಯ ಪ್ರಯೋಗವಾಗಿ 2003ರಲ್ಲಿ ಬ್ರಾಡ್‌ವೇ ತಲುಪಿತು. ಅದರಲ್ಲಿ ಹಕ್‌ನ ತಂದೆಯ ಪಾತ್ರವನ್ನು ಇಬ್ಬರು ಹಂಚಿಕೊಂಡಿದ್ದರು: ಗಾಜಿಲ್ಲದ ಕನ್ನಡಿ ಚೌಕಟ್ಟಿನ ಒಂದು ಬದಿಗೆ ಕಿವುಡ ನಟ, ಇನ್ನೊಂದು ಬದಿಗೆ ಅವನ ಪ್ರತಿಬಿಂಬದಂತೆ ಕೇಳಬಲ್ಲ ನಟ. ಹಾಡಿನ ನಡುವೆ ದನಿ, ವಾದ್ಯಗಳೆಲ್ಲ ಥಟ್ಟನೆ ನಿಂತು ಕೈಗಳು ಮಾತ್ರ ಹಾಡನ್ನು ಮುಂದುವರಿಸುವ ಘಟ್ಟವೂ ಅದರಲ್ಲಿತ್ತು. ಆ ಕೆಲವು ಕ್ಷಣ ಸಭೆಯಲ್ಲಿ ಕೇಳಬಲ್ಲವರೇ ಹೊರಗಿನವರು. ಆ ಕಿವುಡ ನಟ ಟ್ರಾಯ್ ಕಾಟ್ಸರ್ 2022ರಲ್ಲಿ 'ಕೋಡಾ' ಚಿತ್ರಕ್ಕಾಗಿ ಆಸ್ಕರ್ ಪಡೆದರು.

ಮೂಲ ಸಂಸ್ಥೆಗೆ 1977ರಲ್ಲಿ ವಿಶೇಷ ಟೋನಿ ಗೌರವ ಸಂದಿತ್ತು. ಆದರೆ 2000ರ ದಶಕದಲ್ಲಿ ಕೇಂದ್ರ ಅನುದಾನ ನಿಂತುಹೋದಾಗ ದೊಡ್ಡವರ ನಾಟಕಗಳ ಅದ್ದೂರಿ ಪ್ರವಾಸಗಳು ಕುಗ್ಗಿದವು. ಅಷ್ಟಿಷ್ಟು ಸಾಮಾನಿನೊಂದಿಗೆ ಶಾಲೆಯಿಂದ ಶಾಲೆಗೆ ಹೋಗುವ ಮಕ್ಕಳ ತಂಡದ ಕೆಲಸ ಉಳಿದುಕೊಂಡಿತು.