ಲೆಕ್ಕದ ಆಫೀಸಿನವನಿಗೇ ಮಲಗಲು ಜಾಗ ಇರಲಿಲ್ಲ

1917, ಬರೋಡ. ಕೊಲಂಬಿಯಾ, ಲಂಡನ್‌ಗಳಲ್ಲಿ ಓದಿ ಬಂದ 26 ವರ್ಷದ ಬಾಬಾಸಾಹೇಬರು ಸಂಸ್ಥಾನದ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಪ್ರೊಬೇಷನರ್. ಹಗಲೆಲ್ಲಾ ಸರ್ಕಾರದ ಲೆಕ್ಕ, ರಾತ್ರಿ ಮಲಗೋಕೆ ಜಾಗ ಇಲ್ಲ. ಜಾತಿ ಗೊತ್ತಾದ್ರೆ ಯಾರೂ ಒಳಗೆ ಬಿಡಲ್ಲ ಅಂತ ಪಾರ್ಸಿ ಹೆಸರು ಹೇಳಿ ಒಂದು ಪಾರ್ಸಿ ವಸತಿಗೃಹ ಸೇರಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಗುಂಪು ಬಾಗಿಲಿಗೆ ಬಂತು, ಸಂಜೆಯೊಳಗೆ ಖಾಲಿ ಮಾಡು ಅಂತು. ಗೆಳೆಯರ ಮನೆಗಳಲ್ಲೂ ಜಾಗ ಸಿಗಲಿಲ್ಲ. ಕೊನೆಗೆ ಕಾಮಾಠಿ ಬಾಗ್ ಉದ್ಯಾನದಲ್ಲಿ ಕೂತು ಅತ್ತು, ರಾತ್ರಿ ರೈಲಿಗೆ ಮುಂಬೈಗೆ ಹೊರಟರು.

ಈ ಕಥೆ ನಮಗೆಲ್ಲಾ ಗೊತ್ತು. ಆದರೆ ಇದರ ಜೊತೆ ಇನ್ನೊಂದು ದಿನವನ್ನೂ ಇಟ್ಟು ನೋಡಬೇಕು. 1949ರ ಮೇ 30ರಂದು ಸಂವಿಧಾನ ಸಭೆಯಲ್ಲಿ ಇದೇ ಬಾಬಾಸಾಹೇಬರು, ಮಹಾಲೇಖಪಾಲರು (ಸಿಎಜಿ) ಬಹುಶಃ ಇಡೀ ಸಂವಿಧಾನದಲ್ಲೇ ಅತಿ ಮುಖ್ಯ ಅಧಿಕಾರಿ ಅಂದರು. ಶಾಸನಸಭೆ ಒಪ್ಪಿದ ಹಣ ಒಪ್ಪಿದ ಕೆಲಸಕ್ಕೇ ಹೋಯ್ತಾ ಅಂತ ನೋಡುವವನು ಇಲ್ಲದಿದ್ದರೆ ಉಳಿದ ಹಕ್ಕುಗಳು ಕಾಗದದಲ್ಲೇ ಉಳೀತವೆ. ಸೂರಿಲ್ಲದ ಜನರ ವಿಷಯದಲ್ಲಿ ಆಗಿರೋದೂ ಅದೇ.

ನಮ್ಮ ರಾಜ್ಯದಿಂದಲೇ ಶುರು ಮಾಡೋಣ. ಮೈಸೂರು ಸಂಸ್ಥಾನ 1944ರಲ್ಲೇ ಭಿಕ್ಷಾಟನೆ ನಿಷೇಧ ಕಾಯ್ದೆ ತಂತು. ಅದರ ಜಾಗಕ್ಕೆ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಬಂತು. ಮನೆ ಕಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಿ, ಅದರಲ್ಲಿ ಭಿಕ್ಷುಕರ ಸೆಸ್ ಅಂತ ಒಂದು ಸಾಲು ಇರುತ್ತೆ, ಕಂದಾಯದ ಮೇಲೆ ನೂರಕ್ಕೆ 3. ಮನೆ ಇರುವವರಿಂದ ವಸೂಲಿ, ಮನೆ ಇಲ್ಲದವರ ಹೆಸರಲ್ಲಿ. ಸ್ಥಳೀಯ ಸಂಸ್ಥೆಗಳು ಇದನ್ನು ವಸೂಲಿ ಮಾಡಿ ನಿರಾಶ್ರಿತರ ಕೇಂದ್ರಗಳನ್ನು ನಡೆಸುವ ಪರಿಹಾರ ಸಮಿತಿಗೆ ಕಟ್ಟಬೇಕು. ಪೂರ್ತಿ ಕಟ್ಟದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡಿರೋದು ಹಳೇ ರೋಗ.

ಬಾಕಿ ಅಂದ್ರೆ ಬರೀ ಅಂಕಿ ಅಲ್ಲ ಅಂತ 2010ರಲ್ಲಿ ಗೊತ್ತಾಯ್ತು. ಆ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಸಾಲುಸಾಲಾಗಿ ಸಾವುಗಳಾದವು. ಬೀದಿಯಿಂದ ಕಾನೂನಿನ ಹೆಸರಲ್ಲಿ ಹಿಡಿದು ತಂದ ಜನ ಸರ್ಕಾರದ ಸೂರಿನ ಕೆಳಗೇ ಸತ್ತರು. ಆಮೇಲೇ ಪತ್ರಿಕೆಗಳು ಸತ್ತವರ ಲೆಕ್ಕ ಕೇಳಿದ್ದು. ಬದುಕಿದ್ದಾಗ ಅವರ ಹೆಸರಲ್ಲಿ ಬಂದ ದುಡ್ಡಿನ ಲೆಕ್ಕ ಯಾರು ಕೇಳಿದ್ದರು?

ಅದೇ ವರ್ಷ ದೆಹಲಿಯಲ್ಲಿ ಇನ್ನೊಂದು ಅಧ್ಯಾಯ. 2009ರ ಡಿಸೆಂಬರ್ ಚಳಿಯಲ್ಲಿ ಪೂಸಾ ರಸ್ತೆಯ ತಾತ್ಕಾಲಿಕ ರಾತ್ರಿ ತಂಗುದಾಣವನ್ನು ಪಾಲಿಕೆ ಕೆಡವಿತು. 2001ರಿಂದ ನಡೆಯುತ್ತಿದ್ದ ಪಿಯುಸಿಎಲ್‌ನ ಆಹಾರದ ಹಕ್ಕಿನ ಮೊಕದ್ದಮೆಯಲ್ಲೇ ಈ ವಿಷಯ ಸುಪ್ರೀಂ ಕೋರ್ಟ್ ಮುಂದೆ ಹೋಯಿತು, 2010ರ ಜನವರಿಯಲ್ಲಿ ಆದೇಶ ಬಂತು. 2011ರ ಜನಗಣತಿ ದೇಶದಲ್ಲಿ 17.7 ಲಕ್ಷ ಮಂದಿಗೆ ಮನೆ ಇಲ್ಲ ಅಂತು, ಅದರಲ್ಲಿ ನಗರಗಳಲ್ಲಿ 9.4 ಲಕ್ಷ. ಕರ್ನಾಟಕದಲ್ಲಿ ಸುಮಾರು 77 ಸಾವಿರ. ಇದು ಒಂದೇ ರಾತ್ರಿ ಮಾಡಿದ ಎಣಿಕೆ. ಆ ರಾತ್ರಿ ಫ್ಲೈಓವರ್ ಕೆಳಗೆ, ಅಂಗಡಿ ಜಗಲಿ ಮೇಲೆ ಕಣ್ಣಿಗೆ ಬೀಳದವರು ಲೆಕ್ಕಕ್ಕೇ ಇಲ್ಲ.

2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಬಂತು. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ತಂಗುದಾಣ, ವರ್ಷಪೂರ್ತಿ, 24 ಗಂಟೆ. ತಲೆಗೆ ಕನಿಷ್ಠ 50 ಚದರ ಅಡಿ. ನಿಯಮ ಚೆನ್ನಾಗಿದೆ, ಹಣವೂ ಬಿಡುಗಡೆ ಆಯ್ತು. ಆದರೂ 2016ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಸಮಿತಿ ಮಾಡಬೇಕಾಯ್ತು. ತಂಗುದಾಣಗಳು ನಿಯಮದಂತೆ ಇವೆಯಾ, ಹಣ ಯಾಕೆ ಖರ್ಚಾಗಿಲ್ಲ, ಬೇರೆ ಕಡೆ ತಿರುಗಿಸಿದ್ದಾರಾ ಅಂತ ನೋಡೋದು ಅದರ ಕೆಲಸ. ಅಂದರೆ ಹಾಸಿಗೆ ಎಣಿಸೋಕೆ ದೇಶದ ಅತಿ ದೊಡ್ಡ ಕೋರ್ಟೇ ಬರಬೇಕಾಯ್ತು.

ಯಾಕೆ ಹೀಗೆ? ನಾನೂ ಗುಮಾಸ್ತ, ಫೈಲು ಹೇಗೆ ಓಡುತ್ತೆ ಅಂತ ಗೊತ್ತು. ಹಣ ಬಳಕೆ ಪ್ರಮಾಣಪತ್ರ, ನಮ್ಮ ಬಾಯಲ್ಲಿ 'ಯುಸಿ', ಕಳಿಸಿದರೆ ಮೇಲಿನವರಿಗೆ ಸಮಾಧಾನ. ವೋಚರ್ ಇದೆಯಾ, ಸಹಿ ಇದೆಯಾ, ಮೊತ್ತ ತಾಳೆ ಆಗುತ್ತಾ, ಮುಗೀತು. ಆ ಕಂಬಳಿ ರಾತ್ರಿ ಹನ್ನೊಂದು ಗಂಟೆಗೆ ಯಾರ ಮೈಮೇಲಿತ್ತು ಅಂತ ಯಾವ ವೋಚರೂ ಹೇಳಲ್ಲ. ಆಡಿಟ್‌ನವರು ಬರೋದು ಹಗಲು, ತಂಗುದಾಣ ಬದುಕೋದು ರಾತ್ರಿ.

ಈ ಕೊರತೆ ತುಂಬೋಕೆ ಜನರೇ ಒಂದು ದಾರಿ ಕಂಡುಕೊಂಡಿದ್ದರು. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾದಲ್ಲಿ ಜನರ ಮುಂದೆ ಪಂಚಾಯ್ತಿ ಬಿಲ್ಲು ಓದಿ ಹೇಳಿತು. ಆ ಹೋರಾಟದಿಂದ ಮಾಹಿತಿ ಹಕ್ಕು, ಸಾಮಾಜಿಕ ಪರಿಶೋಧನೆ ಬೆಳೆದವು. 2005ರ ನರೇಗಾ ಕಾಯ್ದೆಯ 17ನೇ ಸೆಕ್ಷನ್ ಆ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿತು. ಆದರೆ ಗ್ರಾಮಸಭೆಯಲ್ಲಿ ಕೂರೋಕೆ ಊರು ಬೇಕು, ವೋಟರ್ ಲಿಸ್ಟ್‌ನಲ್ಲಿ ಹೆಸರು ಬೇಕು, ವಿಳಾಸ ಬೇಕು. ಫುಟ್‌ಪಾತ್‌ಗೆ ಯಾವ ಗ್ರಾಮಸಭೆ? ನಮ್ಮಲ್ಲಿ ಲೆಕ್ಕ ಕೇಳುವ ಹಕ್ಕೂ ವಿಳಾಸ ಇದ್ದವರಿಗೇ. ನನ್ನ ಇಡೀ ಬರಹದ ಮಾತು ಇದೊಂದೇ.

ಹಾಗಾಗಿ ಆ ಲೆಕ್ಕ ನಾವು ಕೇಳಬೇಕು. ನಮಗೆ ಅಭ್ಯಾಸವೂ ಇದೆ. 2013ರ ಎಸ್‌ಸಿಎಸ್‌ಪಿ/ಟಿಎಸ್‌ಪಿ ಕಾಯ್ದೆಯ 7ಡಿ ಅನ್ನೋ ಕಿಂಡಿಯಲ್ಲಿ ನಮ್ಮ ದುಡ್ಡು ಬೇರೆ ಕಾಮಗಾರಿಗೆ ಹರಿಯೋದನ್ನ ಕಂಡೆವು, ಬಜೆಟ್ ಪುಸ್ತಕ ಓದೋದು ಕಲಿತೆವು, ಬೀದಿಗಿಳಿದೆವು. 2023ರಲ್ಲಿ ಅದು ರದ್ದಾಯ್ತು. ಹತ್ತು ವರ್ಷ ಹಿಡಿದ ಪಾಠ.

ನಿಮ್ಮ ಊರಿನ ನಗರಸಭೆಗೆ ಒಂದು ಆರ್‌ಟಿಐ ಹಾಕಿ. 10 ರೂಪಾಯಿ ಶುಲ್ಕ, 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿ, ಒಂದೇ ವಿಷಯ, 150 ಪದ ಮೀರಬಾರದು, ಆದ್ದರಿಂದ ಸೆಸ್‌ಗೆ ಒಂದು, ತಂಗುದಾಣಕ್ಕೆ ಒಂದು ಹಾಕಿ. ಭಿಕ್ಷುಕರ ಸೆಸ್ ಎಷ್ಟು ವಸೂಲಿ ಆಯ್ತು, ಎಷ್ಟು ಕಟ್ಟಿದಿರಿ? ತಂಗುದಾಣಕ್ಕೆ ಎಷ್ಟು ಬಂತು, ಎಷ್ಟು ಹಾಸಿಗೆ ಇವೆ, ಹಾಜರಿ ಪುಸ್ತಕದ ನಕಲು ಕೊಡಿ. ಉತ್ತರ ಬಂದ ಮೇಲೆ ಒಂದು ರಾತ್ರಿ ಅಲ್ಲಿಗೇ ಹೋಗಿ, ಪುಸ್ತಕದ ಹೆಸರುಗಳನ್ನೂ ಮಲಗಿರುವ ಜನರನ್ನೂ ತಾಳೆ ನೋಡಿ. ಹೊರಗೆ ಮಲಗಿದವರನ್ನು ಎಬ್ಬಿಸಬೇಡಿ. ಬೆಳಗ್ಗೆ ಟೀ ಕುಡೀತಾ ಕೇಳಿ: ಅಣ್ಣಾ, ಒಳಗೆ ಯಾಕೆ ಹೋಗಲಿಲ್ಲ?

ಆ ಉತ್ತರ ಬರೆದಿಟ್ಟುಕೊಳ್ಳಿ. ಯಾವ ಆಡಿಟ್ ವರದಿಯಲ್ಲೂ ಅದು ಇರಲ್ಲ.

ಜೈ ಭೀಮ್.